ವಿಗ್ಗಿನವಳ ಲೆಕ್ಕ

ಸೇಂಟ್ ಜಾನ್ಸ್ ಊರಿನ ಟೀವಿ ಸ್ಟುಡಿಯೋ, ಮೂರನೇ ಮಹಡಿ,
ಹೀಟರು ಕೆಟ್ಟ ಕೋಣೆ. ಅಲ್ಲಿ ಕೂತು
ಆ ವಿಗ್ಗು ಕಟ್ಟಿದವಳು ನಾನು, ಡೊರೀನ್ ಟಿಝರ್ಡ್.
ಕಟ್ಟಿದೆ ಅನ್ನುವುದೂ ಹೆಚ್ಚೇ.
ಯಾವುದೋ ಮಕ್ಕಳ ನಾಟಕದ ಮಾಟಗಾತಿಯ ಕೂದಲು;
ಬ್ಲೀಚಿನಲ್ಲಿ ಅದ್ದಿ, ಇಸ್ತ್ರಿ ಎಳೆದು,
ಹಿಂದಕ್ಕೆ ಬಾಚಿದೆ, ಅಷ್ಟೆ.
ಪಿನ್ನು ಹದಿನಾಲ್ಕು.

ತಲೆ ಮರ್ವಿನ್ ಪಾಟಲನದು.
ಬೆಳಿಗ್ಗೆ ಶಾಲೆಯ ಬಸ್ಸು ಓಡಿಸುವವ, ಸಂಭಾವಿತ,
ಬಾಗಿಲಿಗೂ 'ಕ್ಷಮಿಸಿ' ಅನ್ನುವ ಪೈಕಿ.
ಶನಿವಾರ ರಾತ್ರಿ ಮೂರೇ ನಿಮಿಷ
ರೆಕ್ಸ್ ಕಾಲ್ಡೇರ ಆಗುತ್ತಿದ್ದ:
ಹೊಕ್ಕುಳದವರೆಗೆ ಗುಂಡಿ ಬಿಚ್ಚಿದ ಅಂಗಿ,
ಲೋಕ ನನ್ನನ್ನು ಅರಿಯಲಿಲ್ಲ ಎಂಬ ಸಿಟ್ಟು,
ತಂತಿಯೇ ಇಲ್ಲದ ಗಿಟಾರು.
ತಂತಿ ಇಲ್ಲ ಎಂಬುದೇ ಹಾಸ್ಯ.
ಪರದೆಯ ಹಿಂದೆ ನಿಜಕ್ಕೂ ನುಡಿಸುತ್ತಿದ್ದವ
ಎಲ್ಡ್ರೆಡ್ ನೋಸ್‌ವರ್ದಿ,
ಇಪ್ಪತ್ತು ವರ್ಷದಿಂದ ಸ್ವಂತ ಬ್ಯಾಂಡು ಕಟ್ಟಿ
ಖಾಲಿ ಕುರ್ಚಿಗಳಿಗೆ ಹಾಡಿದವ.

'ಎಡಗೈ ಗವಸು' ಹಾಡು ಹುಟ್ಟಿದ್ದು
ಊಟದ ಬಿಡುವಿನಲ್ಲಿ, ಹುರಿದ ಮೀನಿನ ಕಾಗದದ ಮೇಲೆ.
ರಾಕಿನವರ ಅಳುಬುರುಕತನವನ್ನು ಅಣಕಿಸಲು.
ಬಂದರಿನಲ್ಲಿ ಗವಸು ಕಳೆದ ಗಂಡು
ಬಲಗೈ ಬೆಚ್ಚಗಿದೆ, ಬಲಗೈ ಬೆಚ್ಚಗಿದೆ ಎಂದು
ಒಂಬತ್ತು ಸಲ ಒರಲುತ್ತಾನೆ.
ಬರೆದವರೇ ನಕ್ಕು ನಕ್ಕು ಕೆಮ್ಮಿದರು.

ಸ್ಕಲಿ ಕೋವಿನಿಂದ ಫೋನು ಬಂತು:
ಹಾಕಿ ಅಂಗಳದಲ್ಲಿ ಒಂದು ತಾಸು ಹಾಡುತ್ತೀರಾ?
ಮೂರು ನಿಮಿಷದ ಮನುಷ್ಯನಿಗೆ ಒಂದು ತಾಸು!
ಮರ್ವಿನ್ ತಂತಿ ಕೊಂಡ.
ನನ್ನ ಡಬ್ಬಿಯ ಬ್ಯಾಂಡೇಜೆಲ್ಲ ಅವನ ಬೆರಳಿಗೆ ಹೋಯಿತು.
ರಟ್ಟಿನ ಡ್ರಮ್ಮು ಬಾರಿಸುತ್ತಿದ್ದ ಫಿಲೊಮಿನಾ
ನಿಜದ್ದಕ್ಕೆ ಕೋಲು ಇಟ್ಟು ಬೆಚ್ಚಿದಳು:
'ಅಯ್ಯೋ, ಇದು ತಿರುಗಿ ಹೊಡೆಯುತ್ತೆ ಕಣೇ.'

ಮೊದಲ ಹಾಡಿಗೆ ಹೊಟ್ಟೆ ಹುಣ್ಣಾಗುವ ನಗು.
ಎರಡನೆಯದಕ್ಕೆ ಅಲ್ಲಲ್ಲಿ.
ಮೂರನೆಯದು ಗವಸು.
ಆ ಊರಿನ ಮೀನಿನ ಕಾರ್ಖಾನೆಗೆ
ಬೀಗ ಬಿದ್ದು ಆರು ವಾರವಾಗಿತ್ತು, ನಮಗೆ ತಿಳಿಯದು.
ಕಾಡ್ ಮೀನು ಸೀಳಿ ಸೀಳಿ ಬೆರಳು ಸೊಟ್ಟಗಾದ ಹೆಂಗಸರು
ಒಬ್ಬೊಬ್ಬರೇ ಎದ್ದರು.
ಹಳದಿ ರಬ್ಬರಿನ ಗವಸು ತೊಟ್ಟ ಒಂದು ಕೈ ಮೇಲೆದ್ದಿತು,
ಆಮೇಲೆ ಎಣಿಸಲಾಗಲಿಲ್ಲ.
ಬಲಗೈ ಬೆಚ್ಚಗಿದೆ ಎಂದು ಅವರೇ ಹಾಡಿದರು.
ಒಬ್ಬರೂ ನಗಲಿಲ್ಲ.

ಮರ್ವಿನ್ ನನ್ನ ಕಡೆ ತಿರುಗಿದ, ಪರದೆಯ ಸಂದಿಗೆ.
ಆ ಮುಖ ಮರೆಯಲಾರೆ:
ಜೋಕು ಬಿದ್ದುಹೋದ ವಿದೂಷಕನ ಮುಖ.
ಎಲ್ಲಿ ತಪ್ಪಿದೆ ಡೊರೀನ್, ಎಂದು ತುಟಿ ಕೇಳಿತು.
ನಾನು ಏನು ಹೇಳಲಿ? ಮುಂದುವರಿಸು ಎಂದು
ಬಾಚಣಿಗೆ ಬೀಸಿದೆ.

ಆಮೇಲಿನದೆಲ್ಲ ವ್ಯಾನು, ಮಂಜು, ಹಡಗುಕಟ್ಟೆ,
ಒದ್ದೆ ಸಾಕ್ಸಿನ ವಾಸನೆ.
ಹಸ್ತಾಕ್ಷರ ಕೇಳಿದವರಿಗೆ ರೆಕ್ಸ್ ಎಂದು ಬರೆಯುವಾಗ
ಮರ್ವಿನ್ ಮೊದಮೊದಲು ಎಡಗೈ ಬಳಸುತ್ತಿದ್ದ,
ತನ್ನದು ಅನಿಸಬಾರದೆಂದು.
ಬಸ್ಸಿನ ಕೆಲಸ ಬಿಟ್ಟ. ಮಕ್ಕಳು ರೆಕ್ಸ್ ರೆಕ್ಸ್ ಎಂದು
ಗಿಯರು ಹಾಕಲು ಬಿಡುತ್ತಿರಲಿಲ್ಲವಂತೆ.

ಪಿನ್ನಿನ ಲೆಕ್ಕ ನನ್ನ ಪುಸ್ತಕದಲ್ಲಿದೆ:
ಮಾರ್ಚಿಯಲ್ಲಿ ಹದಿನಾಲ್ಕು, ಜೂನಿನಲ್ಲಿ ಹನ್ನೊಂದು,
ಆಗಸ್ಟಿನಲ್ಲಿ ನಿಲ್ಲುತ್ತಲೇ ಇರಲಿಲ್ಲ.
ವಿಗ್ಗಿನ ಅಡಿಯಲ್ಲಿ ಅವನದೇ ಕೂದಲು
ಸದ್ದಿಲ್ಲದೆ ಹೆಗಲಿಗೆ ಇಳಿದಿತ್ತು.
ಕಾರ್ನರ್ ಬ್ರುಕ್ಕಿನಲ್ಲಿ ಒಂದು ರಾತ್ರಿ
ವಿಗ್ಗು ವ್ಯಾನಿನಲ್ಲೇ ಉಳಿಯಿತು.
ಎರಡು ಸಾವಿರ ಜನ; ಯಾರಿಗೂ ಗೊತ್ತಾಗಲಿಲ್ಲ.
ಕೂದಲೆಳೆಯ ಅಂತರ ಅಂತಾರಲ್ಲ,
ಅದನ್ನು ನಾನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ.

ಸ್ಟುಡಿಯೋದವರು ಕಾಗದ ಬರೆದಿದ್ದಾರೆ:
ವಿಗ್ಗು ಸಂಸ್ಥೆಯ ಆಸ್ತಿ, ಹಿಂದಿರುಗಿಸಿ,
ಹೊಸ ಹುಡುಗನೊಬ್ಬ ರೆಕ್ಸ್ ಮಾಡುತ್ತಾನೆ.
ಕಳಿಸಬೇಕು. ಒಗೆದಿಲ್ಲ ಇನ್ನೂ.

ನಿನ್ನೆ ಸಂಜೆ ಎಲ್ಡ್ರೆಡ್ ಬಂದ.
ಪರದೆ ಹೋದರೂ ಹಿಂದೆಯೇ ನಿಂತವ,
ಒಂದು ಸ್ವರ ತಪ್ಪದವ,
ನಡುಬೆನ್ನಿನವರೆಗೆ ಹುಟ್ಟುಗೂದಲು, ಈಗ ಅರ್ಧ ನರೆ.
ಟೋಪಿ ತೆಗೆದು ಸ್ಟೂಲಿನ ಮೇಲೆ ಕೂತ.
'ಡೊರೀನ್, ನನಗೂ ಒಂದು ಕಟ್ಟಿಕೊಡು' ಅಂದ.
ನಗಬೇಕೋ ಬೇಡವೋ ತಿಳಿಯದೆ
ಟೇಪು ತೆಗೆದು ಅವನ ತಲೆ ಸುತ್ತಿದೆ.
ಇಪ್ಪತ್ಮೂರು ಅಂಗುಲ, ಚೂರು ಹೆಚ್ಚು.